ಕೆಂಪು ಹೋಗುವ ತನಕ

ಹೋದ ತಿಂಗಳು, ರಮಜಾನಿಗೆ ಇನ್ನು ನಾಲ್ಕು ದಿನ ಇದೆ ಎನ್ನುವಾಗ, ಬಿಸಿ ಹಂಚನ್ನು ಒಲೆಯಿಂದ ಇಳಿಸಿ ಕೆಳಗೆ ನೋಡದೆ ಒದ್ದೆ ಗೋಣಿತಾಟಿನ ಮೇಲೆ ಇಟ್ಟುಬಿಟ್ಟೆ. ಚುಂಯ್ ಎಂದು ಹಬೆ ಎದ್ದಿತು. ಸುಟ್ಟ ಸೆಣಬು, ಕಾದ ನೀರು, ಕಮರಿದ ಹಿಟ್ಟು... ಮೂರೂ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸಾಂಖಳಿಯ ನಮ್ಮ ಈ ಅಡುಗೆಮನೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ನಾನು ಮಡಗಾಂವಿನ ಹಳೆಯ ಬೇಕರಿಯ ಹಿತ್ತಲ ಬಾಗಿಲಲ್ಲಿ ನಿಂತಿದ್ದೆ, ಒಳಗಿನಿಂದ ಆ ದನಿ ಕೇಳುತ್ತಿತ್ತು. "ಕೆಂಪು ಹೋತೇನ ಬೇಟಿ?"

ನನ್ನ ಗಂಡ ಇಣುಕಿ ನೋಡಿ, ಏನಾಯಿತು, ಯಾಕೆ ಹೀಗೆ ಕಂಬ ನಿಂತಂತೆ ನಿಂತಿದ್ದೀಯ ಎಂದು ಕೇಳಿದರು. ಏನಿಲ್ಲ ಎಂದೆ. ಏಳೆಂಟು ವರ್ಷದಿಂದ ಈ ಒಂದು ವಿಷಯದಲ್ಲಿ ಅವರಿಗೆ ಏನಿಲ್ಲ ಏನಿಲ್ಲ ಎನ್ನುತ್ತಲೇ ಬಂದಿದ್ದೆ.

ನಾವು ಬಾಗಲಕೋಟೆ ಕಡೆಯ ಪಿಂಜಾರರು. ಮನೆಮಾತು ಕನ್ನಡ, ನಮಾಜು ಅರಬ್ಬಿ, ಬಾಜಾರದಲ್ಲಿ ಜಗಳ ಮಾಡಲು ಇವೆರಡೂ ಸಾಲದೆ ಕೊಂಕಣಿ ಕಲಿತವಳು ನಾನು. ಮದುವೆಯಾಗಿ ಗೋವಾಕ್ಕೆ ಬಂದ ಮೇಲೆ ಕೆಲವು ವರ್ಷ ನನ್ನ ಗಂಡ ಮಡಗಾಂವಿನಲ್ಲಿ ಒಂದು ಬೇಕರಿಯನ್ನು ಬಾಡಿಗೆಗೆ ಹಿಡಿದು ನಡೆಸಿದರು. ಅದರ ಒಡತಿ ಒಬ್ಬ ಕ್ರೈಸ್ತ ಮುದುಕಿ. ಇಲ್ಲಿ ಹಿರಿಯ ಹೆಂಗಸರಿಗೆ ಅನ್ನುವಂತೆ ನಾವೆಲ್ಲ ಬಾಯಿ ಎಂದು ಕರೆಯುತ್ತಿದ್ದೆವು. ಅವರ ಮನೆತನದಲ್ಲಿ ನಾಲ್ಕು ತಲೆಮಾರು ಪಾವ್ ಸುಟ್ಟಿದ್ದರಂತೆ. ಈಗ ಹಿಟ್ಟಿಗೆ ಕೈಹಾಕುವವರು ಯಾರೂ ಉಳಿದಿರಲಿಲ್ಲ. ಮುಂದಿನ ಮನೆಯಲ್ಲಿ ಬಾಯಿ, ಹಿಂದಿನ ಬೇಕರಿಯಲ್ಲಿ ನಾವು, ನಡುವೆ ಒಂದು ಅಂಗಳ.

ಬೇಕರಿಯ ಜೊತೆಗೇ ನಮಗೆ ಬಂದವರು ಭಟ್ಟಿಯ ಚಾಚಾ. ಹಿಂದಿನ ಬಾಡಿಗೆದಾರನ ಕಾಲದಿಂದಲೂ ಅಲ್ಲಿಯೇ ಇದ್ದವರು. ವಿಜಯಪುರದ ಆಚೆಯ ಒಂದು ಹಳ್ಳಿಯವರು, ಅರವತ್ತು ದಾಟಿತ್ತು. ಹೆಂಡತಿ ಮಕ್ಕಳು ಊರಲ್ಲಿ. ಬಡಕಲು ಮೈ, ಉದ್ದನೆಯ ಕೈಗಳು, ಮುಖದಲ್ಲಿ ಹುಬ್ಬೇ ಇಲ್ಲ. ನಲವತ್ತು ವರ್ಷ ಭಟ್ಟಿಯ ಬಾಯಿಗೆ ಮುಖ ಕೊಟ್ಟು ಹುಬ್ಬಿನ ಕೂದಲು ಸುಟ್ಟು ಸುಟ್ಟು, ಕೊನೆಗೆ ಅದು ಬೆಳೆಯುವುದನ್ನೇ ಬಿಟ್ಟಿತ್ತಂತೆ. ಹುಬ್ಬಿಲ್ಲದ ಮುಖ ಸಿಟ್ಟಾದರೂ ಸಿಟ್ಟಾದಂತೆ ಕಾಣುವುದಿಲ್ಲ. ಹಾಗೆಂದು ಅವರು ಸಿಟ್ಟಾದದ್ದನ್ನು ನಾನು ನೋಡಿಯೂ ಇಲ್ಲ.

ಕಟ್ಟಿಗೆಯ ಭಟ್ಟಿ ಅದು. ಒಳಗೆ ಬೆಂಕಿ ಹಾಕಿ, ಕಲ್ಲು ಕಾಯಿಸಿ, ಆಮೇಲೆ ಕೆಂಡವನ್ನೆಲ್ಲ ಹೊರಕ್ಕೆ ಎಳೆಯಬೇಕು. ಬಿದಿರಿನ ತುದಿಗೆ ಒದ್ದೆ ಗೋಣಿತಾಟು ಕಟ್ಟಿ ಒಳಗಿನ ಬೂದಿ ಒರೆಸಬೇಕು. ಆಮೇಲೆ ಚಿಟಿಕೆ ಹಿಟ್ಟು ಎಸೆದು, ಅದು ಕಂದಾಗಲು ಎಷ್ಟು ಹೊತ್ತು ಹಿಡಿಯಿತು ಎಂದು ಮನಸ್ಸಿನಲ್ಲೇ ಎಣಿಸಿ, ಹದ ಸರಿ ಇದ್ದರೆ ಪಾವ್ ಒಳಗೆ ತಳ್ಳಬೇಕು. ಈ ಎಣಿಕೆ ಚಾಚಾ ಅವರೊಬ್ಬರಿಗೇ ಗೊತ್ತಿತ್ತು. ಉಳಿದ ಇಬ್ಬರು ಹಿಟ್ಟು ನಾದುವವರು, ನಮ್ಮೂರ ಕಡೆಯವರೇ, ನಮ್ಮಂತೆ ಸುನ್ನಿಗಳು. ನಾನು ಇಷ್ಟೂ ಮಂದಿಗೆ ಅಡುಗೆ ಮಾಡಿ ಹಾಕುತ್ತಿದ್ದೆ.

ಚಾಚಾ ಶಿಯಾ ಎನ್ನುವುದು ಮೊದಲ ದಿನವೇ ತಿಳಿಯಿತು. ನಮಾಜಿಗೆ ನಿಂತಾಗ ನಾವು ಕೈ ಕಟ್ಟುತ್ತೇವೆ, ಅವರು ಕೈ ಇಳಿಬಿಟ್ಟು ನಿಂತರು. ಹಣೆ ಊರುವಲ್ಲಿ ಬಿಲ್ಲೆಯಷ್ಟು ಒಣಮಣ್ಣಿನ ತುಂಡು ಇಟ್ಟುಕೊಂಡರು. ಹಿಟ್ಟು ನಾದುವವರು ಕಣ್ಣಲ್ಲೇ ಮಾತಾಡಿಕೊಂಡರು. ನಾನೂ ನೋಡಿದೆ, ನೋಡದವಳಂತೆ ಪಾತ್ರೆ ತೊಳೆದೆ. ನನ್ನ ಗಂಡ ಮಾತ್ರ ಒಂದೇ ಮಾತು ಹೇಳಿ ಆ ಗುಸುಗುಸು ಮುಗಿಸಿದರು. "ಪಾವ್ ಕರಕ ಆಗಬಾರದು, ಅಷ್ಟ. ಕೈ ಎಲ್ಲಿ ಇಟ್ರೇನು."

ಪೇಚಿಗೆ ಸಿಕ್ಕಿಬಿದ್ದದ್ದು ಮೊದಲ ರಮಜಾನಿನಲ್ಲಿ. ಆಗ ರಮಜಾನ್ ಕಡುಬೇಸಿಗೆಗೆ ಬರುತ್ತಿತ್ತು. ಬೆಳಗಿನ ಪಾವ್, ಮಧ್ಯಾಹ್ನದ ಪಾವ್ ಅಲ್ಲದೆ ಹೊಟೇಲುಗಳಿಗೆಂದು ಇನ್ನೊಂದು ಸುತ್ತು ಸಂಜೆ ಆರೂಮುಕ್ಕಾಲಿಗೆ ಭಟ್ಟಿಗೆ ಹೋಗಬೇಕು, ಏಳೂಕಾಲಿನ ಒಳಗೆ ಎಲ್ಲ ಹೊರಗೆ ಬರಬೇಕು. ಸರಿಯಾಗಿ ಅದರ ನಡುವೆಯೇ ರೋಜಾ ಬಿಡುವ ಹೊತ್ತು! ದಿನವಿಡೀ ಹನಿ ನೀರು ಕುಡಿಯದ ಮಂದಿ ಖರ್ಜೂರ ಬಾಯಿಗೆ ಹಾಕುವುದೋ, ಪಾವ್ ಹೊರಗೆ ತೆಗೆಯುವುದೋ? ನನ್ನ ಗಂಡ ತಲೆ ಮೇಲೆ ಕೈಹೊತ್ತು ಕುಳಿತಾಗ ಚಾಚಾ ಒಳಗಿನಿಂದಲೇ ಹೇಳಿದರು, ನೀವು ಎಲ್ಲ ಹೋಗಿ ರೋಜಾ ಬಿಡ್ರಿ, ನಮಾಜೂ ಮುಗಿಸಿ ಬರ್ರಿ, ಭಟ್ಟಿ ನಾನು ನೋಡಿಕೊಳ್ಳತೇನಿ, ನಮ್ಮಲ್ಲಿ ಇನ್ನೂ ಇರುಳಾಗಿಲ್ಲ ಎಂದು.

ನಮ್ಮಲ್ಲಿ ಇನ್ನೂ ಇರುಳಾಗಿಲ್ಲ! ಒಂದೇ ಛಾವಣಿಯ ಕೆಳಗೆ ಎರಡು ಸೂರ್ಯರೇ ಎಂದು ನನಗೆ ನಗು ಬಂತು.

ಆಮೇಲೆ ತಿಳಿದುಕೊಂಡೆ. ಕುರಾನಿನಲ್ಲಿ ಉಪವಾಸದ ಬಗ್ಗೆ ಹೇಳುವಲ್ಲಿ ಒಂದು ಮಾತು ಬರುತ್ತದೆ, ಉಪವಾಸವನ್ನು ಇರುಳಿನ ತನಕ ಪೂರ್ತಿ ಮಾಡಿ ಎಂದು. ಮಾತು ಇಬ್ಬರಿಗೂ ಒಂದೇ, ಅಕ್ಷರವೂ ಆಚೀಚೆ ಇಲ್ಲ. ಆದರೆ ಇರುಳು ಎಲ್ಲಿಂದ ಶುರು? ಸುನ್ನಿಗಳಾದ ನಮಗೆ ಸೂರ್ಯನ ಬಿಂಬ ಪೂರ್ತಿ ಮುಳುಗಿತೆಂದರೆ ಇರುಳು ಹೊಸ್ತಿಲು ದಾಟಿತು ಎಂದೇ ಅರ್ಥ. ಆಮೇಲೆ ತಡ ಮಾಡಬಾರದು, ಬೇಗ ರೋಜಾ ಬಿಡುವುದರಲ್ಲೇ ಒಳಿತಿದೆ ಎಂದು ಪೈಗಂಬರರು ಹೇಳಿದ್ದಾಗಿ ಚಿಕ್ಕಂದಿನಿಂದ ಕೇಳಿ ಬೆಳೆದವರು ನಾವು. ಚಾಚಾ ಅವರ ಕಡೆ ಸೂರ್ಯ ಮುಳುಗಿದರೆ ಸಾಲದು. ಮುಳುಗಿದ ಮೇಲೆ ಎದುರು ದಿಕ್ಕಿಗೆ, ಮೂಡಣದಲ್ಲಿ, ಒಂದು ತೆಳ್ಳನೆಯ ಕೆಂಪು ಏಳುತ್ತದೆ. ಅದು ಮೇಲೇರಿ, ನೆತ್ತಿ ದಾಟಿ, ಇಲ್ಲವಾಗಬೇಕು. ಆಗಲೇ ಇರುಳು ಎಂದು ಅವರ ಇಮಾಮರು ತಿಳಿಸಿದ್ದಾರಂತೆ. ಗಡಿಯಾರದಲ್ಲಿ ನೋಡಿದರೆ ಹತ್ತು ಹದಿನೈದು ಮಿನಿಟಿನ ವ್ಯತ್ಯಾಸ.

ಸಂಜೆ ಮೂಡಣ ಕೆಂಪಾಗುತ್ತದೆ ಎಂದರೆ ನಾನು ನಂಬಲೇ ಇಲ್ಲ. ಅದು ಬೆಳಗಿನ ಮಾತು, ಚಾಚಾ ಅವರಿಗೆ ಹೊಗೆ ಕುಡಿದು ದಿಕ್ಕು ತಪ್ಪಿದೆ ಎಂದು ಗಂಡನ ಹತ್ತಿರ ಆಡಿಕೊಂಡೆ. ನಾನೊಬ್ಬಳೇ ಅಲ್ಲ, ಸಂಜೆ ಯಾರು ಮೂಡಣ ನೋಡುತ್ತಾರೆ? ಗೋವಾದಲ್ಲಂತೂ ಪಡುವಣ ನೋಡಲಿಕ್ಕೇ ಎಲ್ಲೆಲ್ಲಿಂದಲೋ ಜನ ಬಂದು ಸಮುದ್ರದ ಕಡೆ ಮುಖ ಮಾಡಿ ಕೂರುತ್ತಾರೆ. ಆದರೆ ಮರುದಿನ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದೆ. ಬಾವಿಯ ಆಚೆ, ಹಲಸಿನ ಮರದ ಮೇಲೆ, ನಿಜವಾಗಿಯೂ ಕೆಂಪಿತ್ತು. ಯಾರೋ ಸೆರಗಿನಿಂದ ಕುಂಕುಮ ಒರೆಸಿದ ಮೇಲೆ ಉಳಿಯುವಷ್ಟು. ನೋಡುತ್ತ ನೋಡುತ್ತ ಅದು ಮೇಲಕ್ಕೆ ಸರಿಯಿತು, ಕೆಳಗಿನಿಂದ ಬೂದು ನೀಲಿ ಏರಿತು... ನಾಚಿಕೆಯಾಯಿತು ನನಗೆ.

ಅಂದಿನಿಂದ ನೋಡಿ ಹೇಳುವ ಕೆಲಸ ನನ್ನದಾಯಿತು. ಭಟ್ಟಿಯ ಕೋಣೆಗೆ ಕಿಟಕಿ ಇರಲಿಲ್ಲ. ಪಾವ್ ಒಳಗಿರುವಾಗ ಚಾಚಾ ಕದಲುವಂತಿಲ್ಲ. ಕ್ಷಣ ತಡವಾದರೆ ಇಡೀ ಸುತ್ತು ಹಾಳು. ನನ್ನ ಮೊಬೈಲಿನಲ್ಲಿ ಹೊತ್ತು ನೋಡಿ ಹೇಳುತ್ತೇನೆ ಎಂದರೆ ಬೇಡ ಎಂದರು. ಆಕಾಶ ಕಾಣುವ ದಿನ ಗಡಿಯಾರ ಯಾಕೆ, ಮೋಡ ಇದ್ದ ದಿನ ನೋಡು ಎಂದರು. ಹೀಗಾಗಿ ಅಜಾನ್ ಆದ ಕೂಡಲೇ ಎಲ್ಲರೂ ಖರ್ಜೂರ ತಿಂದು, ನೀರು ಕುಡಿದು ನಮಾಜಿಗೆ ಹೋಗುತ್ತಿದ್ದರು. ನಾನು ಎರಡು ಗುಟುಕು ನೀರು ಕುಡಿದು ಹಿತ್ತಲ ಬಾಗಿಲಿಗೆ ಬಂದು ಮೂಡಣಕ್ಕೆ ಮುಖ ಮಾಡಿ ನಿಲ್ಲುತ್ತಿದ್ದೆ. ಕೈಯಲ್ಲಿ ಚಾಚಾ ಅವರ ಲಿಂಬು ಶರಬತ್ತಿನ ಲೋಟ. ಅಷ್ಟರಲ್ಲಿ, ಸರಿಯಾಗಿ ಏಳಕ್ಕೆ, ಚರ್ಚಿನ ಸಂಜೆಯ ಗಂಟೆ ಬಾರಿಸುತ್ತಿತ್ತು. ಮುಂದಿನ ಮನೆಯ ವರಾಂಡದಲ್ಲಿ ಬಾಯಿ ಎದ್ದು ನಿಂತು ಶಿಲುಬೆಯ ಗುರುತು ಮಾಡಿ ತುಟಿ ಅಲ್ಲಾಡಿಸುತ್ತಿದ್ದರು. ಅದಾಗಿ ಇನ್ನೂ ಏಳೆಂಟು ಮಿನಿಟು ಕಳೆದ ಮೇಲೆ ಮೂಡಣದ ಕೆಂಪು ಹೋಗುತ್ತಿತ್ತು. ಅಜಾನ್ ಮೊದಲು, ಗಂಟೆ ಆಮೇಲೆ, ಚಾಚಾ ಕೊನೆಗೆ. ಆ ಅಂಗಳದ ಸಂಜೆಯ ಕ್ರಮ ಅದು. ಇಡೀ ತಿಂಗಳು ತಪ್ಪಲಿಲ್ಲ.

"ಕೆಂಪು ಹೋತೇನ ಬೇಟಿ?"

"ಇನ್ನೂ ಇಲ್ರಿ ಚಾಚಾ."

ಒಂದೇ ಸಲ ಕೇಳುತ್ತಿದ್ದರು. ಆಮೇಲೆ ನಾನಾಗಿಯೇ ಹೋತ್ರಿ ಎಂದು ಹೇಳುವವರೆಗೆ ಸುಮ್ಮನೆ ಪಾವ್ ತೆಗೆಯುತ್ತ ಇರುತ್ತಿದ್ದರು.

ಹಿಟ್ಟು ನಾದುವವರಲ್ಲಿ ಒಬ್ಬನಿಗೆ ಮಾತ್ರ ಇದು ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು. ಅವನು ಕೆಟ್ಟವನೇನಲ್ಲ, ಓದಿಕೊಂಡವನು, ವಾದ ಎಂದರೆ ಊಟ ಬಿಡುವವನು. ಒಂದು ದಿನ ನೇರವಾಗಿ ಕೇಳಿಯೇ ಬಿಟ್ಟ, ಸೂರ್ಯ ಮುಳುಗಿದ ಮೇಲೂ ಹಗಲು ಅಂತ ಹೇಗೆ ಅಂತೀರಿ ಎಂದು. ಚಾಚಾ ಕೆಂಡ ಎಳೆಯುತ್ತಿದ್ದರು. ಕೋಲು ಗೋಡೆಗೆ ಒರಗಿಸಿ ಭಟ್ಟಿಯ ಬಾಯಿ ತೋರಿಸಿದರು.

"ಬೆಂಕಿ ಎಲ್ಲಾ ಹೊರಗ ಎಳದೇನಿ. ಭಟ್ಟಿ ಆರಿತೇನು? ಬೆಂಕಿ ಹೋದ ಮ್ಯಾಲ ಅಲ್ಲೇನಪಾ ಪಾವ್ ಬೇಯೋದು?"

ಅವನೂ ಸಾಮಾನ್ಯದವನಲ್ಲ. "ಬೆಂಕಿ ಹೋದ ಮ್ಯಾಲ ಬೆಂಕಿ ಹೋತು ಅನ್ನಬೇಕ್ರಿ ಚಾಚಾ. ಇನ್ನೂ ಐತಿ ಅನ್ನಾಕ ಬರಂಗಿಲ್ಲ" ಎಂದ.

ಚಾಚಾ ಬಾಯಿ ತುಂಬ ನಕ್ಕರು. ಖರೇ, ಅದೂ ಖರೇ ಎಂದರು. ನಿಮ್ಮ ಹಿರಿಯರೂ ಬಲ್ಲವರು, ನಮ್ಮ ಹಿರಿಯರೂ ಬಲ್ಲವರು, ಅವರೇ ಸಾವಿರ ವರ್ಷದಿಂದ ಒಂದು ಮಾಡದ್ದನ್ನು ನಾವು ಪಾವ್ ಬೇಯುವುದರೊಳಗೆ ಒಂದು ಮಾಡಲಿಕ್ಕೆ ಆಗುತ್ತದೆಯೇ ಎಂದರು. ಆಮೇಲೆ ಇನ್ನೊಂದು ಮಾತು ಸೇರಿಸಿದರು. ಅದು ಆಗ ನನಗೆ ಅಷ್ಟಾಗಿ ನಾಟಲಿಲ್ಲ. "ನೀ ನಿನ್ನ ಹೊತ್ತಿಗೆ ಬಿಡು. ನಾ ನನ್ನ ಹೊತ್ತಿಗೆ ಬಿಡತೇನಿ. ಒಬ್ಬರ ಹೊತ್ತು ಒಬ್ಬರು ಮುರೀಬಾರದು, ಅಷ್ಟ."

ನನ್ನ ಗಂಡ ಇದನ್ನೆಲ್ಲ ಕೇಳಿ, ಇರುಳಿಗೆ ಒಂದೇ ಅರ್ಥ ಇದ್ದಿದ್ದರೆ ಹೊಟೇಲುಗಳ ಪಾವ್ ದಿನಾ ಕರಕಾಗುತ್ತಿತ್ತು ಎಂದು ನಗುತ್ತಿದ್ದರು. ತಮಾಷೆಯ ಮಾತಾದರೂ ಸುಳ್ಳಲ್ಲ. ಆ ಹದಿನೈದು ಮಿನಿಟುಗಳ ಸಂದಿನಲ್ಲೇ ನಮ್ಮ ಬೇಕರಿ ನಡೆದದ್ದು.

ಈಗ ಮೂರನೆಯ ರಮಜಾನಿನ ಮಾತು. ಹೇಳಲೇಬೇಕಾದದ್ದು ಇದು.

ಮೇ ತಿಂಗಳ ಕೊನೆ. ಮಳೆ ಬರುತ್ತೇನೆ ಬರುತ್ತೇನೆ ಎಂದು ಆಸೆ ತೋರಿಸಿ ಬಾರದ ದಿನಗಳು. ಗಾಳಿಯಲ್ಲಿ ಉಸಿರಾಡಿದರೆ ಒದ್ದೆ ಕಂಬಳಿ ಮೂಗಿಗೆ ಒತ್ತಿದಂತೆ. ಚಾಚಾ ಅವರಿಗೆ ಎರಡು ದಿನದಿಂದ ಸಣ್ಣ ಜ್ವರ, ಕೆಮ್ಮು. ರೋಜಾ ಬಿಟ್ಟುಬಿಡಿ, ಜ್ವರ ಬಂದವರಿಗೆ ದೇವರೇ ವಿನಾಯಿತಿ ಕೊಟ್ಟಿದ್ದಾನೆ ಎಂದು ನಾನೂ ಹೇಳಿದೆ, ಗಂಡನೂ ಹೇಳಿದರು. ಇಷ್ಟಕ್ಕೆಲ್ಲ ಜ್ವರ ಅನ್ನಬಾರದು ಎಂದು ನಕ್ಕು ಭಟ್ಟಿಗೆ ಕಟ್ಟಿಗೆ ಹಾಕಿದರು. ಆ ದಿನ ಕಟ್ಟಿಗೆ ಒಣಗಿ ಬೆಂಡಾಗಿತ್ತೋ ಏನೋ, ಭಟ್ಟಿ ಹದ ಮೀರಿ ಕಾದಿತ್ತು. ಮತ್ತೆ ಮತ್ತೆ ಗೋಣಿತಾಟು ನೀರಿಗೆ ಅದ್ದಿ ಒರೆಸಿದರು. ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು, ತುಟಿ ಮಾತ್ರ ಒಣಗಿ ಒಡೆದಿತ್ತು. ಕೈ ತುಂಬ ನೀರಿದ್ದೂ ಬಾಯಿಗೆ ಹನಿಯಿಲ್ಲದ ಆ ಕೆಲಸವನ್ನು ನೋಡುವುದೇ ಒಂದು ಹಿಂಸೆ.

ಅಜಾನ್ ಆಯಿತು. ಉಳಿದವರು ಹೋದರು. ನಾನು ನೀರು ಕುಡಿದು, ಲೋಟ ಹಿಡಿದು ಬಂದು ನೋಡಿದರೆ ಚಾಚಾ ಹಿಟ್ಟಿನ ಚೀಲಕ್ಕೆ ಒರಗಿ ನೆಲದ ಮೇಲೆ ಕುಳಿತಿದ್ದಾರೆ. ಭಟ್ಟಿಯ ಮುಂದೆ ಅವರು ಕುಳಿತದ್ದನ್ನು ನಾನು ಅದೇ ಮೊದಲು ನೋಡಿದ್ದು. ಕಣ್ಣು ಮುಚ್ಚಿತ್ತು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ನನ್ನ ಹೆಜ್ಜೆಯ ಸದ್ದಿಗೆ ಕಣ್ಣು ತೆರೆಯದೆಯೇ ಕೇಳಿದರು, ಕೆಂಪು ಹೋತೇನ ಬೇಟಿ ಎಂದು. ಎಷ್ಟು ಹೊತ್ತಾಯಿತೆನ್ನುವ ಅಂದಾಜು ಅವರಿಗೆ ಇದ್ದಂತೆ ಕಾಣಲಿಲ್ಲ.

ಹಿತ್ತಲ ಬಾಗಿಲಿನಿಂದ ನೋಡಿದೆ. ಹಲಸಿನ ಮರದ ಮೇಲೆ ಕೆಂಪು ಆಗಷ್ಟೇ ಏಳುತ್ತಿತ್ತು.

"ಹೋತ್ರಿ ಚಾಚಾ" ಎಂದೆ.

ಅವರು ಕಣ್ಣು ತೆರೆದರು. "ಇಷ್ಟು ಲಗೂನ?"

"ಇವತ್ತ ಆಕಾಶ ಭಾಳ ಸ್ವಚ್ಛ ಐತ್ರಿ. ಲಗೂನ ಹೋತು."

ಒಂದು ಸುಳ್ಳಿಗೆ ಇನ್ನೊಂದು ಊರುಗೋಲು ಕೊಟ್ಟೆ, ನಾಲಿಗೆ ತಡವರಿಸಲೂ ಇಲ್ಲ. ಲೋಟ ಅವರ ಕೈಗಿಟ್ಟೆ. ತುಟಿಯಲ್ಲೇ ದುವಾ ಹೇಳಿಕೊಂಡು ಮೂರು ಗುಟುಕಿನಲ್ಲಿ ಕುಡಿದು ಮುಗಿಸಿದರು. ಮುಖಕ್ಕೆ ಜೀವ ಬಂತು. ನನಗೋ, ಒಂದು ಜೀವ ಉಳಿಸಿದೆ ಎನ್ನುವಷ್ಟು ಸಮಾಧಾನ!

ಆಗ ಚರ್ಚಿನ ಗಂಟೆ ಬಾರಿಸಿತು.

ಮೂರು ವರ್ಷದಲ್ಲಿ ಒಂದು ದಿನವೂ ಆ ಗಂಟೆ ಚಾಚಾ ಅವರ ನೀರಿನ ನಂತರ ಬಾರಿಸಿರಲಿಲ್ಲ. ಬಾಯಿ ವರಾಂಡದಲ್ಲಿ ಎದ್ದು ನಿಂತದ್ದು ನನಗೆ ಕಂಡಿತು. ಚಾಚಾ ಅವರ ಕೈಯಲ್ಲಿ ಖಾಲಿ ಲೋಟ. ಅವರು ಗಂಟೆಯ ಕಡೆ ತಲೆ ಎತ್ತಿದರು, ಅದು ನಿಲ್ಲುವ ತನಕ ಕೇಳಿದರು. ಆಮೇಲೆ ಲೋಟವನ್ನು ನೆಲದ ಮೇಲೆ ಮೆಲ್ಲಗೆ ಇಟ್ಟು, ಎದ್ದು, ಉದ್ದನೆಯ ಹಲಗೆ ತೆಗೆದುಕೊಂಡು ಪಾವ್ ಹೊರಗೆ ತೆಗೆಯಲು ನಿಂತರು. ನನ್ನ ಕಡೆ ನೋಡಲಿಲ್ಲ. ತಟ್ಟೆಯಲ್ಲಿದ್ದ ಖರ್ಜೂರ ಮುಟ್ಟಲಿಲ್ಲ. ನಿಜವಾಗಿ ಕತ್ತಲಾಗಿ ಎಲ್ಲರೂ ಬಂದ ಮೇಲೆಯೇ ತಿಂದರು.

ಯಾಕೆ ಹೇಳಿದೆ ಆ ಸುಳ್ಳು? ಕನಿಕರದಿಂದ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಕನಿಕರ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದರ ಕೆಳಗೆ ಇನ್ನೊಂದಿತ್ತು. ಸೂರ್ಯ ಮುಳುಗಿದೆ, ಅಜಾನ್ ಆಗಿದೆ, ರೋಜಾ ಮುಗಿದಿದೆ, ಈ ಮುದುಕ ಇಲ್ಲದ ಹತ್ತು ಮಿನಿಟಿಗಾಗಿ ಸುಮ್ಮನೆ ಸಾಯುತ್ತಿದ್ದಾನೆ ಎಂದು ನನ್ನ ಮನಸ್ಸು ಹೇಳಿತ್ತು. ಅವರ ಹತ್ತು ಮಿನಿಟು ನನಗೆ ಖರೇ ಅನ್ನಿಸಿಯೇ ಇರಲಿಲ್ಲ. ಮೂರು ವರ್ಷ ದಿನವೂ ನಿಂತು ನೋಡಿ ಹೇಳಿದ್ದು ಒಂದು ಉಪಕಾರ ಎಂದುಕೊಂಡು, ಒಳಗೊಳಗೆ ನಮ್ಮದೇ ಸರಿ ಎಂದು ನಗುತ್ತಾ ಇದ್ದೆ. ಹಾಗೆ ಇಲ್ಲದಿದ್ದರೆ ಆ ಸುಳ್ಳು ಅಷ್ಟು ಸಲೀಸಾಗಿ ಬಾಯಿಗೆ ಬರುತ್ತಿರಲಿಲ್ಲ. ಅಜಾನಿಗೆ ಹತ್ತು ಮಿನಿಟು ಮೊದಲು, ಸೂರ್ಯ ಇನ್ನೂ ಕಾಣುತ್ತಿರುವಾಗ, ನನ್ನ ಅವ್ವನಿಗೆ ಹೀಗೆ ಸುಳ್ಳು ಹೇಳಿ ನೀರು ಕುಡಿಸುತ್ತಿದ್ದೆನೇ? ಕಡಿದರೂ ಇಲ್ಲ.

ಮರುದಿನ ಸಂಜೆ ಹಿತ್ತಲ ಬಾಗಿಲಿಗೆ ತಡವಾಗಿ ಬಂದೆ. ಇವತ್ತು ಅವರೇ ಬಂದು ನೋಡುತ್ತಾರೆ, ಇಲ್ಲವೇ ಬೇರೆ ಯಾರನ್ನಾದರೂ ಕೇಳುತ್ತಾರೆ ಎಂದುಕೊಂಡೆ. ಒಳಗಿನಿಂದ ಅದೇ ದನಿ ಬಂತು, ಅದೇ ಮಾತು, "ಕೆಂಪು ಹೋತೇನ ಬೇಟಿ?" ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅವರು ಕೇಳಿಯೇ ನನ್ನನ್ನು ಕಟ್ಟಿಹಾಕಿದರು. ಆ ದಿನದಿಂದ ಹಬ್ಬದ ತನಕ, ಕೆಂಪಿನ ಕೊನೆಯ ಎಳೆ ಹೋದ ಮೇಲೂ ಮತ್ತೊಮ್ಮೆ ಕಣ್ಣು ಉಜ್ಜಿ ನೋಡಿ ಹೇಳುತ್ತಿದ್ದೆ.

ಹೇಳಿಬಿಡಬೇಕು ಎಂದು ದಿನಾ ಎನಿಸುತ್ತಿತ್ತು. ತಿಳಿದೋ ತಿಳಿಯದೆಯೋ ಹೊತ್ತಿಗೆ ಮೊದಲು ರೋಜಾ ಮುರಿದರೆ ಆಮೇಲೆ ಇನ್ನೊಂದು ದಿನ ರೋಜಾ ಹಿಡಿದು ತುಂಬಿಕೊಡಬೇಕು. ಅದಕ್ಕೆ ಕಜಾ ಎನ್ನುತ್ತಾರೆ. ಅವರಿಗೆ ಗೊತ್ತಾಗಿದ್ದರೆ ತುಂಬಿಕೊಳ್ಳುತ್ತಾರೆ. ಗೊತ್ತಾಗದೆ ಇದ್ದರೆ? ಗಂಟೆ ಕೇಳಿಯೂ ಜ್ವರದಲ್ಲಿ ಹೊಳೆಯದೆ ಹೋಗಿದ್ದರೆ? ಅವರ ತಲೆಯ ಮೇಲೆ ನನ್ನಿಂದಾಗಿ ಒಂದು ದಿನ ಬಾಕಿ ಉಳಿದುಹೋಗುತ್ತದೆ. ಹೇಳಬೇಕು. ಆದರೆ ಯಾರಾದರೂ ಸುಮ್ಮನೆ ಗಂಟೆ ಎಂದರೂ ಸಾಕು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ಬೆಚ್ಚುತ್ತಿದ್ದ ನಾನು ಎಲ್ಲಿಂದ ಹೇಳಲಿ. ಹಬ್ಬ ಬಂತು. ಚಾಚಾ ಶಾವಿಗೆಯ ಸುರಕುಂಬಾ ಕುಡಿದು, ಮಕ್ಕಳಿಗೆಂದು ನನ್ನ ಕೈಯಿಂದ ಒಂದು ಡಬ್ಬಿ ತುಂಬ ನಾನಕಟಾಯಿ ಕಟ್ಟಿಸಿಕೊಂಡು ಮರುದಿನ ಬೆಳಿಗ್ಗೆ ಊರಿನ ಬಸ್ಸು ಹತ್ತಿದರು. ಹೋಗುವಾಗ ನನ್ನ ತಲೆ ಮೇಲೆ ಕೈಯಿಟ್ಟರು. ಆಗಲಾದರೂ...

ಮತ್ತೆ ಅವರು ಗೋವಾಕ್ಕೆ ಬರಲಿಲ್ಲ. ಕೆಮ್ಮು ಎದೆಗೆ ಇಳಿದಿದೆ, ಡಾಕ್ಟರು ಹೊಗೆಯ ಹತ್ತಿರ ಹೋಗಬೇಡ ಎಂದಿದ್ದಾರೆ ಎಂದು ಫೋನು ಬಂತು. ಬೇರೆಯವನನ್ನು ಇಟ್ಟು ನೋಡಿದೆವು. ಆ ಎಣಿಕೆ ಅವನಿಗೆ ಸಿಗಲಿಲ್ಲ. ಒಂದೆರಡು ವರ್ಷಕ್ಕೆ ಬಾಯಿ ತೀರಿಕೊಂಡರು, ಜಾಗ ಮಾರಾಟವಾಯಿತು. ನಾವು ಸಾಂಖಳಿಗೆ ಬಂದು ಚಹಾ ತಿಂಡಿಯ ಅಂಗಡಿ ಹಾಕಿದೆವು. ಮೊದಮೊದಲು ಹಬ್ಬಕ್ಕೊಮ್ಮೆ ನನ್ನ ಗಂಡ ಚಾಚಾ ಅವರಿಗೆ ಫೋನು ಮಾಡುತ್ತಿದ್ದರು. ಮಾತಾಡು ಎಂದು ನನ್ನ ಕೈಗೆ ಕೊಡಲು ಬಂದರೆ ನಾನು ಒಲೆಯ ನೆಪ ಹೇಳಿ ಒಳಗೆ ಹೋಗುತ್ತಿದ್ದೆ. ಆಮೇಲೆ ಅದೂ ನಿಂತಿತು.

ಆ ಗೋಣಿತಾಟಿನ ವಾಸನೆ ಬಂದ ದಿನ ಇಡೀ ಮಧ್ಯಾಹ್ನ ಚಡಪಡಿಸಿ, ಗಂಡ ಸಾಮಾನು ತರಲು ಹೋದಾಗ ಅವರ ಹಳೆಯ ಮೊಬೈಲು ತೆಗೆದೆ. "ಭಟ್ಟಿ ಚಾಚಾ" ಎಂಬ ಹೆಸರು ಇನ್ನೂ ಇತ್ತು. ಒತ್ತಿದೆ. ಎತ್ತಿದವಳು ಚಾಚಾ ಅವರ ಮಗಳು. ನಾನು ಯಾರೆಂದು ಹೇಳಿ, ಚಾಚಾ ಅವರಿಗೆ ಕೊಡಮ್ಮಾ ಎಂದೆ.

ಅಪ್ಪ ಹೋಗಿ ಎರಡು ವರ್ಷವಾಯಿತು ಎಂದಳು. ತಿಳಿಸಬೇಕೆಂದು ಅಣ್ಣ ಫೋನು ಮಾಡಿದ್ದನಂತೆ, ಹತ್ತಲಿಲ್ಲವಂತೆ.

ಹೇಳಬೇಕಾದವರು ಇಲ್ಲ. ಸ್ವಲ್ಪ ಹೊತ್ತು ಅವರ ಎದೆ ನೋವಿನ, ಕೊನೆಯ ದಿನಗಳ ಮಾತು ಕೇಳಿದೆ. ಆಮೇಲೆ ಎದೆ ಗಟ್ಟಿ ಮಾಡಿ, ತಂಗೀ, ಅಪ್ಪನವರದ್ದು ಯಾವುದಾದರೂ ರೋಜಾ ಬಾಕಿ ಉಳಿದಿತ್ತೇ ಎಂದು ಕೇಳಿದೆ. ಎಂಥಾ ಹುಚ್ಚು ಪ್ರಶ್ನೆ ಎಂದು ಅವಳಿಗೆ ಅನ್ನಿಸಲಿಲ್ಲವೋ ಏನೋ. ಅಪ್ಪ ಬಾಕಿ ಉಳಿಸಿಕೊಳ್ಳುವವರೇ ಅಲ್ಲ ಎಂದಳು. ತಡೆದು, ಹಾ, ಗೋವಾದ್ದೊಂದು ಇತ್ತು ನೋಡ್ರಿ, ಅದನ್ನೂ ಬಂದ ಮರುದಿನವೇ ತುಂಬಿಕೊಟ್ಟರು ಎಂದಳು.

ಆ ವರ್ಷ ಹಬ್ಬ ಮುಗಿಸಿ ಊರಿಗೆ ಬಂದವರು ಚೀಲ ಇಳಿಸಿದ ಕೂಡಲೇ, ನಾಳೆ ನಸುಕಿನಲ್ಲಿ ನನ್ನನ್ನು ಸಹರಿ ಊಟಕ್ಕೆ ಎಬ್ಬಿಸು, ರೋಜಾ ಐತಿ ಎಂದರಂತೆ. ಹಬ್ಬ ಮುಗಿದ ಮೇಲೆ ಎಂಥ ರೋಜಾ, ಮೈಯಲ್ಲಿ ಜ್ವರ ಬೇರೆ ಎಂದು ಅವ್ವ ಜಗಳ ತೆಗೆದಳಂತೆ. ಹೊತ್ತಿಗೆ ಮೊದಲು ನೀರು ಕುಡಿದೆ, ಒಂದು ತುಂಬಿಕೊಡಬೇಕು ಎಂದರಂತೆ. ಅವ್ವ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಅಲ್ಲಿ ಕೆಂಪು ನೋಡಿ ಹೇಳಾಕ ಒಬ್ಬಾಕಿ ಅದಾಳ, ನನ್ನ ಕಣ್ಣು ಇದ್ದಂಗ ಅದಾಳ ಅಂತಿದ್ರಿ, ಆಕಿ ಏನು ಮಾಡ್ತಿದ್ಲು ಎಂದು ಕೇಳಿದಳಂತೆ.

"ಅದಕ್ಕ ಅಪ್ಪ ಏನಂದ್ರು ಗೊತ್ತೇನ್ರಿ ಆಪಾ? ಆಕಿ ಖರೇನ ಹೇಳಿದ್ಲು, ನಾನ ಅವಸರಾ ಮಾಡಿದೆ ಅಂದ್ರು."

ಹತ್ತು ಮಿನಿಟು ಕಳೆದುಕೊಳ್ಳಲು ಒಪ್ಪದ ಮನುಷ್ಯ. ನನಗಾಗಿ ಸುಳ್ಳು ಹೇಳಿದ್ದರು. ಅದೂ ಹೆಂಡತಿಯ ಎದುರು.

ತಡೆಯಲಾಗಲಿಲ್ಲ ನನಗೆ. "ಇಲ್ಲ ತಂಗಿ. ಸುಳ್ಳು ಹೇಳಿದಾಕಿ ನಾನು. ಕೆಂಪು ಇನ್ನೂ ಇತ್ತು. ಹೋತು ಅಂದೆ" ಎಂದೆ. ಎಷ್ಟೋ ವರ್ಷ ಬಾಯಲ್ಲೇ ಇಟ್ಟುಕೊಂಡದ್ದು ಇಷ್ಟೇ ಮಾತು. ಆ ಕಡೆ ಎಲ್ಲೋ ಕೋಳಿ ಕೂಗುತ್ತಿತ್ತು.

"ನಮಗ ಗೊತ್ತಿತ್ರಿ ಆಪಾ" ಎಂದಳು. "ನಮ್ಮ ಅಪ್ಪ ಎಂದೂ ಅವಸರಾ ಮಾಡಿದವರಲ್ಲ."

ಆ ಸಂಜೆ ಗಂಡನಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಹಸಿದವರೊಬ್ಬರಿಗೆ ಚಾಚಾ ಅವರ ಹೆಸರಿನಲ್ಲಿ ಊಟ ಹಾಕೋಣ ಎಂದರು. ಹಾಕಿದೆವು. ಅದರಿಂದ ನನ್ನದು ತೀರಿತು ಎಂದು ನಾನು ಅಂದುಕೊಂಡಿಲ್ಲ.

ಈಗ ರಮಜಾನ್ ನಡೆದಿದೆ. ಬಿಸಿಲು ಅಷ್ಟಿಲ್ಲ, ಹೊತ್ತೂ ಬೇಗ ಮುಳುಗುತ್ತದೆ. ಅಜಾನ್ ಕೇಳಿದ ಕೂಡಲೇ ಖರ್ಜೂರ ಬಾಯಿಗೆ ಹಾಕುತ್ತೇನೆ, ನೀರು ಕುಡಿಯುತ್ತೇನೆ. ನನಗೆ ಇರುಳು ಆಗಲೇ ಆಗುತ್ತದೆ, ಅದು ಬದಲಾಗಿಲ್ಲ. ಬದಲಾಗಲಿ ಎಂದು ಚಾಚಾ ಯಾವತ್ತೂ ಕೇಳಿರಲಿಲ್ಲ. ನಮಾಜು ಮುಗಿಸಿ ಹಿಂದಿನ ಬಾಗಿಲಿಗೆ ಬರುತ್ತೇನೆ. ಇಲ್ಲಿಂದ ಮೂಡಣಕ್ಕೆ ಘಟ್ಟದ ಸಾಲು ಕಾಣುತ್ತದೆ, ಕೆಂಪು ಅದರ ಮೇಲೆ ನಿಧಾನಕ್ಕೆ ಏರುತ್ತದೆ. ನಿನ್ನೆಯೂ ನಿಂತಿದ್ದೆ. ಒಳಗಿನಿಂದ ಗಂಡ ಕೂಗಿದರು, ಚಹಾ ಆರಾಕತ್ತೈತಿ, ಅಲ್ಲೇನು ಮಾಡಾಕತ್ತೀ, ಬಾ ಎಂದು.

ನಾನು ತಿರುಗಲಿಲ್ಲ. ಆ ದಿನ ಲೋಟ ಹಿಡಿದು ನಿಂತಾಗ ಹೇಳಬೇಕಾಗಿದ್ದ ಮಾತನ್ನು ನಿನ್ನೆ ಹೇಳಿದೆ. ಅವರಿಗೆ ಕೇಳಿಸಿತೋ, ಗಂಡನಿಗೆ ಕೇಳಿಸಿತೋ...

"ಇನ್ನೂ ಇಲ್ರಿ ಚಾಚಾ. ಇನ್ನೂ ಕೆಂಪೈತಿ."